ಬಕೀಟಿನ್ಯಾಗಿನ ಗುಲಾಬಿ

ಫೆಬ್ರುವರಿ ಹದಿನಾಕು ಬಂತಂದ್ರ ನಮ್ಮ ರಾಮದುರ್ಗದ ಡಿಗ್ರಿ ಕಾಲೇಜಿನ್ಯಾಗ ಏನರ ಒಂದು ಆಗದ ಇರೂದಿಲ್ಲ. ಹುಡುಗೂರಿಗೆ ಆದ್ರ ವಯಸ್ಸಿನ ಆಟ ಅಂತ ಬಿಡಬಹುದಿತ್ತು. ಆದ್ರ ಪ್ರತಿ ಸಲ ಆಗೂದು ನನಗ. ಇತಿಹಾಸ ಕಲಸಾವ ನಾನು, ರಿಟೈರ್ ಆಗಾಕ ಎರಡ ವರ್ಷ ಉಳದಾವು. ಪ್ರಮೋಷನ್ನಿಗೆ ಲೆಕ್ಕಕ್ಕ ಬರದ ನನ್ನ ಹಿರಿತನ ಪ್ರೇಮಿಗಳ ದಿನದ ಗೇಟ್ ಡ್ಯೂಟಿಗೆ ಮಾತ್ರ ಬರೋಬ್ಬರಿ ಬರತೈತಿ.

೧. ಬಣ್ಣದ ಪಾಠ

ಪ್ರಿನ್ಸಿಪಾಲರ ಹುಕುಂ ಸರಳ ಇತ್ತು. ಹೂವು ತಂದವರನ್ನ ಬೈಬಾರದು. ಹೂವು ಇಸ್ಕೊಂಡು ನೀರಿನ ಬಕೀಟಿನ್ಯಾಗ ಇಡಬೇಕು, ಸಂಜಿಗೆ ಹೊಳ್ಳಿ ಕೊಡಬೇಕು.

ಮೊದಲನೇ ವರ್ಷ ಒಬ್ಬ ಹುಡುಗ ಕೆಂಪು ಗುಲಾಬಿ ಅಂಗಿಯೊಳಗ ಮುಚ್ಚಿಕೊಂಡು ಬಂದ. "ಸರ್, ಇದು ದೇವರಿಗ್ರಿ" ಅಂದ.

"ಯಾವ ದೇವರಿಗೆ?"

ಅಂವ ಗೇಟಿನ ಒಳಗ ಒಮ್ಮೆ ಇಣುಕಿ ನೋಡಿದ. "ಇನ್ನೂ ಬಂದಿಲ್ರಿ" ಅಂದ.

ಅವನ ಹಿಂದ ಕನ್ನಡಕದ ಹುಡುಗಿ, ಕೈಯಾಗ ಮೂರು ಬಣ್ಣದ ಹೂವು. ಮೂರ್ಯಾಕವಾ ಅಂತ ಕೇಳಿದ್ರ ನನಗ ಪಾಠ ಹೇಳಿದಳು. "ಕೆಂಪು ಪ್ರೀತಿಗ್ರಿ, ಹಳದಿ ದೋಸ್ತಿಗೆ, ಬಿಳೀದು ಸಿಟ್ಟಾದವರನ್ನ ರಮಸಾಕ." ಎಲ್ಲಾ ಬಕೀಟಿನ್ಯಾಗ ಇಡು ಅಂದೆ. ಎರಡು ಇಟ್ಟಳು. ಬಿಳೀದು ನನ್ನ ಕೈಯಾಗ ಕೊಟ್ಟು, "ಇದು ನಿಮಗ ಇರ್ಲಿ ಬಿಡ್ರಿ ಸರ್" ಅಂತ ಒಳಗ ಹೋದಳು.

೨. ಐದು ದೇವರು, ಒಂದು ಹೂವು

ಸಂಜಿಗೆ ಎಲ್ಲಾರೂ ಹೂವು ಒಯ್ದರು, ಒಂದು ಕೆಂಪು ಗುಲಾಬಿ ಉಳೀತು. ಅದರ ಮಾಲಕ ಸವದತ್ತಿ ಬಸ್ಸಿಗೆ ಓಡಿದ್ನೋ, ನಾಚಿಕೊಂಡ್ನೋ ಗೊತ್ತಿಲ್ಲ. ನಾಳೆ ಕೊಟ್ರಾತು ಅಂತ ಮನಿಗೆ ತಂದೆ.

ನಮ್ಮ ಮನ್ಯಾಕಿ ಬಾಗಲದಾಗ ನೋಡಿ, "ಇದೇನ್ರಿ, ಒಂದ ಹೂವು? ಜಗಲಿ ಮ್ಯಾಲ ಐದು ದೇವರ ಅದಾವು. ಗಣಪ್ಪಗ ಏರಿಸಿದ್ರ ಎಲ್ಲವ್ವ ಮುನಸ್ಕೋತಾಳ" ಅಂದಳು. ಆಮ್ಯಾಲ ಕ್ಯಾಲೆಂಡರ್ ನೋಡಿದಳು, ನನ್ನ ನೋಡಿದಳು. ಮುಖ ಅರಳಿತು. "ಅಯ್ಯ, ನನಗ ತಂದೀರಿ?"

ಲಗ್ನ ಆಗಿ ಮೂವತ್ತೊಂದು ವರ್ಷಕ್ಕ ಆ ಮುಖ ನೋಡಿದ್ದೆ. ಅದನ್ನ ಬಾಡಸಾಕ ನನ್ನಿಂದ ಆಗಲಿಲ್ಲ, ಹೌದು ಅಂದೆ. ದಂಟಿಗೆ ಸುತ್ತಿದ್ದ ಬೆಳ್ಳಿ ಹಾಳಿ ಬಿಚ್ಚಾಕ ಅಡಗಿಮನಿಗೆ ಹೋದಾಕಿ, ಸ್ವಲ್ಪ ಹೊತ್ತಿನ ಮ್ಯಾಲ ಹೂವು ಮುಡಕೊಂಡು ಮುಸಿಮುಸಿ ನಕ್ಕೋತ ಬಂದಳು. ಖುಷಿ ಆಗೈತಿ ಪಾಪ ಅನಕೊಂಡೆ.

ಮರುದಿನ ನಿನ್ನೆ ಉಳದ ಹೂವು ಯಾರದು ಅಂತ ಎಲ್ಲಾ ಕ್ಲಾಸಿನ್ಯಾಗ ಕೇಳಿದೆ. ಹಿಸ್ಟ್ರಿ ಸರ್ ಮುಂದ ಎದ್ದು ನಿಂತು ಪ್ರೀತಿ ನಂದು ಅನ್ನುವಂಥ ಗಂಡು ರಾಮದುರ್ಗದಾಗ ಇನ್ನೂ ಹುಟ್ಟಿಲ್ಲ.

೩. ಓಣಿಯ ಸಿಟ್ಟು

ನಮ್ಮ ಮನ್ಯಾಕಿ ಈ ಸುದ್ದಿ ಓಣಿಗೆಲ್ಲಾ ಹೇಳಿದಳು, ಬೈಲಹೊಂಗಲದ ತಂಗಿಗೆ ಫೋನ್ ಹಚ್ಚಿ ಹೇಳಿದಳು. ಮೂರನೇ ದಿನ ಬಾಜೂ ಮನಿಯ ಬೀಜ ಗೊಬ್ಬರದ ಅಂಗಡಿಯವರು ನನ್ನ ತರುಬಿ ನಿಂದರಿಸಿದರು.

"ಸರ್ರ, ನೀವು ಕಲತವರು. ಆದ್ರ ಓಣ್ಯಾಗ ಇರಬೇಕಂದ್ರ ನಾಕು ಮಂದಿ ಇದ್ದಂಗ ಇರ್ರಿ."

"ಯಾಕ್ರಿ, ಏನಾತು?"

"ಎರಡು ದಿನದಿಂದ ನನಗ ಬರೀ ಸಾರು. ಗುಲಾಬಿ ತಂದವರ ಮನ್ಯಾಗ ಹೋಳಿಗಿ ಆಗೈತಂತ, ಅಲ್ಲೇ ಹೋಗಿ ಉಣ್ರಿ ಅಂತಾಳ ನಮ್ಮಾಕಿ."

ಮರುವರ್ಷ ಡ್ಯೂಟಿಗೆ ನಿಂತಾಗ ನನ್ನ ನಿಯತ್ತು ಕೆಟ್ಟಿತ್ತು. ಒಂದರ ಉಳೀಲಿ ಎಲ್ಲವ್ವಾ ಅಂತ ಬೇಡಿಕೊಂಡೆ. ಉಳೀತು. ಆಕಿ ಮತ್ತ ಬೆಳ್ಳಿ ಹಾಳಿ ಬಿಚ್ಚಾಕ ಒಳಗ ಹೋದಳು, ಮತ್ತ ನಕ್ಕೋತ ಬಂದಳು. ಈ ಸಲ ಬಾಜೂ ಮನಿಗೂ ಹೋಳಿಗಿ ಕಳಿಸಿದಳು. ಅವರು ತಿಂದರು. ಆದ್ರ ಅವತ್ತಿನಿಂದ ನನ್ನ ಜೋಡಿ ಮಾತು ಬಿಟ್ಟರು.

೪. ಖಾಲಿ ಬಕೀಟು

ಈ ವರ್ಷ ಮಧ್ಯಾಹ್ನ ಆದ್ರೂ ಬಕೀಟಿನ್ಯಾಗ ಬರೀ ನೀರು. ಕನ್ನಡಕದ ಹುಡುಗಿನ್ನ ಕರದು, "ಯಾಕವಾ, ಊರಾಗ ಪ್ರೀತಿ ಕಡಿಮಿ ಆತೇನು?" ಅಂದೆ.

"ಇಲ್ರಿ ಸರ್, ಎಲ್ಲಾರೂ ಮೊಬೈಲಿನ್ಯಾಗ ಹೂವು ಕಳಸ್ತಾರ. ನಿಮ್ಮ ಬಕೀಟಿನ ಕಾಟಕ್ಕ."

ನಮ್ಮ ಮನ್ಯಾಕಿ ಮುಂಜಾನೇನ ಹೋಳಿಗಿಗಂತ ಕಡ್ಲಿಬ್ಯಾಳಿ ಕುದಿಯಾಕ ಇಟ್ಟಿದ್ದಳು. ಬರಿಗೈಲೆ ಹೋದ್ರ ಆಕಿ ಮುಖ ಹೆಂಗ ನೋಡಲಿ? ಬಸ್ ಸ್ಟ್ಯಾಂಡ್ ಹತ್ರದ ಹೂವಿನಾಕಿ ಕಡೆ ಹೋದೆ. ಜೀವಮಾನದಾಗ ಮಾರಿನ ಲೆಕ್ಕದಾಗ ಹೂವು ತಂದಾವ ನಾನು, "ಒಂದು ಗುಲಾಬಿ" ಅನ್ನೂದಕ್ಕ ಮೊದಲ ಎರಡು ಸಲ ಆಕಿನ್ನ ದಾಟಿ ಹೋಗಿ ಹೊಳ್ಳಿ ಬಂದೆ. ಅಂತೂ ಅಂದು ತಗೊಂಡು ಹೊಳ್ಳಿ ನೋಡತೇನಿ, ಹಿಂದ ನಮ್ಮ ಫೈನಲ್ ಇಯರಿನ ಐದಾರು ಹುಡುಗೂರು ನಿಂತಾವು.

"ಸರ್, ಯಾರಿಗ್ರಿ ಹೂವು?"

"ದೇವರಿಗೆ" ಅಂದೆ.

ಎರಡು ವರ್ಷದ ಹಿಂದ ಅಂಗಿಯೊಳಗ ಹೂವು ಮುಚ್ಚಿಕೊಂಡು ಬಂದಾವ ಅಲ್ಲೇ ಇದ್ದ. ಭಾಳ ಭಕ್ತಿಯಿಂದ ಕೇಳಿದ, "ಇನ್ನೂ ಬಂದಿಲ್ಲೇನ್ರಿ ಸರ್?"

೫. ಚೀಟಿ

ಮನ್ಯಾಗ ಆಕಿ ಹೂವು ಇಸ್ಕೊಂಡು ನನ್ನ ಮುಂದ ಬೆಳ್ಳಿ ಹಾಳಿ ಬಿಚ್ಚಿದಳು. ಹಾಳಿ ಝಾಡಿಸಿದಳು. ಹೊಳ್ಳಿಸಿ ನೋಡಿದಳು.

"ಚೀಟಿ ಎಲ್ಲೈತ್ರಿ?"

"ಯಾವ ಚೀಟಿ?"

ಒಳಗ ಹೋಗಿ ಅರಿಷಿಣದ ಡಬ್ಬಿಯಿಂದ ಎರಡು ಹಳದಿ ಆದ ಚೀಟಿ ತಂದಳು. ಕನ್ನಡಕ ಏರಿಸಿ ಓದಿದಳು. ಮೊದಲನೇದು: 'ಸಂಜಿಗೆ ಲೈಬ್ರರಿ ಹತ್ರ ಸಿಗು. ಗೇಟಿನ್ಯಾಗ ಹಿಸ್ಟ್ರಿ ಮುದುಕ ನಿಂತಿರತಾನ, ಹುಷಾರ್.' ಎರಡನೇದು: 'ಹೋದ ವರ್ಷದ ಹೂವು ಮುದುಕನ ಪಾಲಾತು. ಇದರ ನಿನಗ ಮುಟ್ಟಲಿ.'

ನನಗ ಭೂಮಿ ಬಾಯಿ ತಗದಿದ್ರ ಛಲೋ ಆಗತಿತ್ತು. "ಮೊದಲಿಂದ ಗೊತ್ತಿತ್ತು? ಮತ್ತ ಓಣಿಗೆಲ್ಲಾ ಹೇಳಿದಿ?"

"ಓಣಿಗೆ ಹೂವು ಕಂಡಿತ್ತು, ಚೀಟಿ ಕಂಡಿರಲಿಲ್ಲ" ಅಂದಳು. ಆಮ್ಯಾಲ ದನಿ ಸಣ್ಣದಾತು. "ಎಂದರ ಒಂದಿನ ಚೀಟಿ ಇಲ್ಲದ್ದು ಬರತೈತಿ ಅಂತ ಕಾಯಾಕ ಹತ್ತಿದ್ದೆ. ಇದು ನಂದ."

ನನಗ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳಲಿ. ಆಕಿ ಬಿಡಲಿಲ್ಲ. "ಹಂಗಂತ ಚೀಟಿ ತಪ್ಪಂಗಿಲ್ಲ. ಬರೀರಿ" ಅಂತ ಹಾಳಿ ಕೊಟ್ಟಳು.

ಕಿಸೆದಾಗ ಇದ್ದದ್ದು ಪೇಪರ್ ತಿದ್ದುವ ಕೆಂಪು ಪೆನ್ನು. ಮೂವತ್ತು ವರ್ಷ ಪಾಠ ಹೇಳಿದಾವಗ ಒಂದು ಸಾಲು ಬರಿಯಾಕ ಅರ್ಧ ತಾಸು ಬೇಕಾತು. 'ನೀನಂದ್ರ ನನಗ ಭಾಳ ಪ್ರೀತಿ' ಅಂತ ಬರದು, ರೂಢಿ ಪ್ರಕಾರ ಕೆಳಗ ಸಹಿ ಹಾಕಿ, ತಾರೀಖು ಹಾಕಿ ಕೊಟ್ಟೆ.

ಎರಡು ಸಲ ಓದಿದಳು. ನನ್ನ ಕೈಯಾಗಿನ ಕೆಂಪು ಪೆನ್ನು ಕಸ್ಕೊಂಡು ಕೆಳಗ ಏನೋ ಬರದು, ಆ ಚೀಟಿನೂ ಅರಿಷಿಣದ ಡಬ್ಬ್ಯಾಗ ಹಾಕಿ ಹೋಳಿಗಿ ಬೇಯಿಸಾಕ ಹೋದಳು. ನಾನು ಸಪ್ಪಳಿಲ್ಲದ ಹೋಗಿ ಡಬ್ಬಿ ತಗದು ನೋಡಿದೆ. 'ಮೂವತ್ತಮೂರು ವರ್ಷ ತಡವಾಗಿ ಬಂದಿದೆ. ಆದರೂ ಪಾಸ್.'