ಬೀಪ್ ಬೀಪ್ ರೂಬಿಯೂ ಇಂದೂರಿನ ಬ್ಲೌಸೂ

ಒಂದು ಕಾಲದಲ್ಲಿ ನಾನು ಪ್ರಸಿದ್ಧಳಾಗಿದ್ದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳುವವರು ಬೇರೆ ಯಾರೂ ಉಳಿದಿಲ್ಲ.

ಬೀಪ್ ಎಂದು ಕೂಗಿ ಸಂದೇಶ ತೋರಿಸುವ ಪೇಜರ್ ಎಂಬ ಪುಟ್ಟ ಯಂತ್ರ ಜನರ ಸೊಂಟಕ್ಕೆ ಬಂದ ಹೊಸತರಲ್ಲಿ ಹುಬ್ಬಳ್ಳಿಯ ಒಬ್ಬ ಕ್ಯಾಸೆಟ್ ಮಾಲೀಕ ನನ್ನಿಂದ ಎಂಟು ಪಾಪ್ ಹಾಡು ಹಾಡಿಸಿದ. ರುದ್ರವ್ವ ಎಂದು ಹೆಸರು ಹಾಕಿದರೆ ಜನ ವಚನದ ಕ್ಯಾಸೆಟ್ ಎಂದುಕೊಂಡು ಕೈಮುಗಿದು ಮುಂದೆ ಹೋಗುತ್ತಾರೆ ಎಂದು ನನ್ನನ್ನು ರೂಬಿ ಮಾಡಿದ. ಎಂಟರಲ್ಲಿ ಏಳು ಹಾಡುಗಳನ್ನು ನನ್ನ ತವರಿನವರೂ ಕೇಳಲಿಲ್ಲ. ಉಳಿದ ಒಂದು, ‘ಬೀಪ್ ಬೀಪ್ ಅಂತೈತಿ ಎದಿ’, ಎರಡು ವರ್ಷ ಟೆಂಪೋಗಳಲ್ಲೂ ಗಣಪತಿ ಪೆಂಡಾಲುಗಳಲ್ಲೂ ಕೂಗಿತು. ಆಮೇಲೆ ಮೊಬೈಲ್ ಬಂತು. ಪೇಜರ್ ಹೋಯಿತು. ಅದರ ಬೆನ್ನಿಗೇ ನಾನೂ ಹೋದೆ.

ಈಗ ಮುಂಡಗೋಡದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಊರಿಗೆ ನಾನು ಬ್ಲೌಸ್ ರುದ್ರಕ್ಕ. ನನ್ನ ಯಜಮಾನರು ಚನ್ನಪ್ಪ ನನ್ನ ಹಾಡಿನ ತಂಡದಲ್ಲಿ ಡ್ರಮ್ ಬಡಿಯುತ್ತಿದ್ದರು. ಈಗ ಪಕ್ಕದ ಅಂಗಡಿಯಲ್ಲಿ ಕೆಟ್ಟ ಮಿಕ್ಸರುಗಳನ್ನು ಬಡಿಯುತ್ತಾರೆ. ಖ್ಯಾತಿ ಹೋದದ್ದರಿಂದ ಅವರ ಜೀವನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ನನ್ನ ಕಥೆ ಹಾಗಲ್ಲ. ಎಲ್ಲಿಯಾದರೂ ಬೀಪ್ ಎಂಬ ಸದ್ದು ಕೇಳಿದರೆ ಸಾಕು, ಈಗಲೂ ನನ್ನ ಕತ್ತು ತಾನಾಗಿ ನೆಟ್ಟಗಾಗುತ್ತದೆ. ಹೆಚ್ಚಿನ ಸಲ ಅದು ಹಿಂದಕ್ಕೆ ಬರುತ್ತಿರುವ ಲಾರಿಯಾಗಿರುತ್ತದೆ.

ಹೋದ ಮದುವೆ ಹಂಗಾಮಿನಲ್ಲಿ ಪಕ್ಕದ ಹಳ್ಳಿ ಇಂದೂರಿನ ಗಂಗವ್ವ ಮಗಳು ಸವಿತಾಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಮದುಮಗಳ ಬ್ಲೌಸು, ಹಸಿರು ರೇಷ್ಮೆ. ನಾನು ಟೇಪು ಹಿಡಿದು ಅಳತೆ ಶುರುಮಾಡಿದ್ದೆ. ಆಗ ಗಂಗವ್ವ ಸುಮ್ಮನಿರದೆ, ತಾವು ಹುಡುಗಿಯಾಗಿದ್ದಾಗ ನನ್ನ ಹಾಡಿಗೆ ಕುಣಿದಿದ್ದಾಗಿ ಹೇಳಿಬಿಟ್ಟರು. ಬಹುಶಃ ಅದು ಬರೀ ಸೌಜನ್ಯದ ಮಾತು. ಹಸಿದ ಎಮ್ಮೆಗೆ ಹುಲ್ಲು ತೋರಿಸಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಪಲ್ಲವಿ ಹಾಡಿದೆ. ಚರಣ ಹಾಡಿದೆ. ಯಾರೂ ಕೇಳದಿದ್ದರೂ ಎರಡನೆಯ ಚರಣವನ್ನೂ ಹಾಡಿದೆ. ಅಳತೆ ಪುಸ್ತಕದಲ್ಲಿ ಕೈ ತನ್ನ ಪಾಡಿಗೆ ತಾನು ಬರೆಯುತ್ತಿತ್ತು. ಮದುವೆಯ ಹಿಂದಿನ ಸಂಜೆ ಬ್ಲೌಸು ಒಯ್ಯಲು ಬಂದ ಸವಿತಾ ಒಮ್ಮೆ ಹಾಕಿ ನೋಡಲೇ ಎಂದು ಕೇಳಿದಳು. ನಾನು ಹೊಲಿದದ್ದನ್ನು ಹಾಕಿ ನೋಡುವುದು ನನಗೆ ಮಾಡುವ ಅವಮಾನ ಎಂದು ಗದರಿಸಿ ಕಳಿಸಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಗಂಗವ್ವನ ಫೋನು ಬಂತು. ಹಿಂದೆ ವಾಲಗ, ಜನರ ಗದ್ದಲ, ಪಾತ್ರೆಗಳ ಸದ್ದು. ಮಾತು ಅರ್ಧಕ್ಕರ್ಧ ತುಂಡಾಗಿ ಬರುತ್ತಿತ್ತು.

“ರುದ್ರಕ್ಕಾರ, ಈಗಿಂದೀಗ ಬರ್ರಿ. ಇಲ್ಲೆ ಭಾಳ ಟೈಟ್ ಐತಿ. ನೀವ ಬಂದು ಬಿಚ್ಚಬೇಕ್ರಿ, ಬ್ಯಾರೆಯವರ ಕೈಲೆ ಆಗೂದಿಲ್ಲ. ಸಾಮಾನು ಎಲ್ಲಾ ತಗೊಂಡ ಬರ್ರಿ.”

ಬುದ್ಧಿ ನೆಟ್ಟಗಿದ್ದವರಿಗೆ ಇಷ್ಟು ಸಾಕಿತ್ತು. ನನಗೂ ಸಾಕಾಯಿತು, ಬೇರೆ ರೀತಿಯಲ್ಲಿ. ಟೈಟ್ ಎಂದರೆ ಹೊತ್ತಿಲ್ಲ ಎಂದರ್ಥ. ಬಿಚ್ಚಬೇಕು ಎಂದರೆ ದನಿ ಬಿಚ್ಚಿ ಹಾಡಬೇಕು ಎಂದರ್ಥ. ಬೇರೆಯವರ ಕೈಲಿ ಆಗುವುದಿಲ್ಲ ಎಂಬ ಮಾತಿನ ಅರ್ಥವನ್ನಂತೂ ಇಪ್ಪತ್ತೈದು ವರ್ಷಗಳಿಂದ ನಾನೊಬ್ಬಳೇ ಕಾಪಾಡಿಕೊಂಡು ಬಂದಿದ್ದೆ.

ಟ್ರಂಕಿನಿಂದ ಹಳೆಯ ವೇದಿಕೆಯ ಗೌನು ತೆಗೆದೆ. ಬೆಳ್ಳಿ ಬಣ್ಣ, ಮೈತುಂಬ ಮಿನುಗುವ ಚಮಕಿ. ಅದು ನನ್ನ ಮೈಗೆ ಸಾಲದಾಗಿ ಎಷ್ಟೋ ವರ್ಷವಾಗಿತ್ತು. ಆದರೆ ಯಾರಾದರೂ ಕರೆದಾರು ಎಂದು ಎರಡೂ ಬದಿಗೆ ಅಂಗೈ ಅಗಲದ ಪಟ್ಟಿ ಕೂಡಿಸಿ ಸಿದ್ಧವಾಗಿ ಇಟ್ಟಿದ್ದೆ. ಮೈಕು ತೆಗೆದುಕೊಂಡೆ. ಹಾಡಿನ ಮ್ಯೂಸಿಕ್ ತುಂಬಿದ ಪೆನ್‌ಡ್ರೈವ್ ತೆಗೆದುಕೊಂಡೆ. ಕತ್ತರಿ, ಸೂಜಿ, ದಾರ, ಟೇಪು ಮೇಜಿನ ಮೇಲೆಯೇ ಇದ್ದವು. ಅವುಗಳನ್ನು ಬದಿಗೆ ಸರಿಸಿ ಪೆನ್‌ಡ್ರೈವ್ ಹುಡುಕಿದೆ.

ಸ್ಕೂಟರು ಹೊರಗೆ ತೆಗೆಯುತ್ತ ಚನ್ನಪ್ಪ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

“ಹಾಡಾಕ ಕರದಾರ ಅಂತ ಬಾಯಿಬಿಟ್ಟ ಹೇಳ್ಯಾರೇನು?”

ದೊಡ್ಡ ಕಲಾವಿದರನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಸೂಚಿಸುತ್ತಾರೆ ಎಂದು ಅವರಿಗೆ ತಿಳಿಸಿದೆ. ಅವರು ಸ್ಕೂಟರು ಶುರುಮಾಡಿದರು. ಇಂದೂರಿನ ತನಕ ಅವರ ಬೆನ್ನು ಆಗಾಗ ಅಲುಗಾಡುತ್ತಿತ್ತು. ರಸ್ತೆ ಕೆಟ್ಟಿದೆ ಎಂದುಕೊಂಡೆ.

ಮದುವೆ ಸಮುದಾಯ ಭವನದಲ್ಲಿತ್ತು. ಜನ ಕೈಯಲ್ಲಿ ಅಕ್ಷತೆಯ ಅಕ್ಕಿಕಾಳು ಹಿಡಿದು ಕೂತಿದ್ದರು. ವೇದಿಕೆಯ ಮೇಲೆ ಮದುಮಗ ಒಬ್ಬನೇ ಬೆವರುತ್ತಿದ್ದ. ಅವನ ಪಕ್ಕದ ಮಣೆ ಖಾಲಿ. ಮದುವೆ ಮಾಡಿಸುವ ಅಯ್ಯನವರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಇಷ್ಟು ಕಂಡ ಮೇಲೆ ನನಗೆ ಉಳಿದಿದ್ದ ಅನುಮಾನವೂ ಹೋಯಿತು. ಮದುಮಗಳು ಸಿಂಗಾರಕ್ಕೆ ತಡಮಾಡಿದ್ದಾಳೆ, ಅಲ್ಲಿಯ ತನಕ ಜನರನ್ನು ಹಿಡಿದು ಕೂರಿಸಲು ರೂಬಿ ಬೇಕಾಗಿದ್ದಾಳೆ. ಯಾರನ್ನೂ ಕೇಳದೆ ವೇದಿಕೆ ಹತ್ತಿದೆ. ಧ್ವನಿವರ್ಧಕದವನಿಗೆ ಪೆನ್‌ಡ್ರೈವ್ ಕೊಟ್ಟೆ. ನನ್ನ ಬಟ್ಟೆ ನೋಡಿ ಅವನು ಪ್ರಶ್ನೆ ಕೇಳುವ ಧೈರ್ಯ ಮಾಡಲಿಲ್ಲ.

ಪಲ್ಲವಿ ಮುಗಿಯುವಷ್ಟರಲ್ಲಿ ಗಂಗವ್ವ ಓಡುತ್ತ ಬಂದರು. ನನ್ನ ಎದುರು ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಏನನ್ನೋ ಎಳೆದು ಎಳೆದು ತೋರಿಸಿದರು. ಹುಡುಗಿಯಾಗಿದ್ದಾಗ ಕುಣಿದದ್ದು ಹೀಗೆಯೇ ಇರಬೇಕು ಎಂದುಕೊಂಡು ನಾನೂ ಕೈ ಹಿಂದೆ ಒಯ್ದು ಎಳೆದೆ. ಅವರು ತಲೆ ಚಚ್ಚಿಕೊಂಡರು. ನಾನೂ ತಾಳಕ್ಕೆ ಸರಿಯಾಗಿ ತಲೆ ಬಡಿದುಕೊಂಡೆ. ಮುಂದಿನ ಸಾಲಿನ ಹುಡುಗಿಯರು ಎದ್ದು ನಿಂತು ನಮ್ಮನ್ನು ಅನುಸರಿಸತೊಡಗಿದರು. ನಾನು ಗಂಗವ್ವನನ್ನು ಎಳೆದು ಒಂದು ಸುತ್ತು ಸುತ್ತಿಸಿ, ಅಭಿಮಾನಿಗೂ ಒಂದು ಅವಕಾಶ ಇರಲಿ ಎಂದು ಮೈಕನ್ನು ಅವರ ಬಾಯಿಗೆ ಹಿಡಿದೆ.

“ಹುಡಿಗಿ ಬ್ಲೌಸಿನ ಹುಕ್ಕು ಹತ್ತವಲ್ದು,” ಎಂದರು ಗಂಗವ್ವ. “ಅದಕ್ಕ ಕರದೇನಿ ನಿನ್ನ. ಹಾಡಾಕಲ್ಲ.”

ನಾಲ್ಕು ದಿಕ್ಕಿನ ನಾಲ್ಕು ಸ್ಪೀಕರುಗಳು ಈ ಸುದ್ದಿಯನ್ನು ಇಡೀ ಇಂದೂರಿಗೆ ತಲುಪಿಸಿದವು. ಬೀಗರು ಕೇಳಿದರು. ಅಡುಗೆಯವರು ಕೇಳಿದರು. ಫೋನಿನಲ್ಲಿದ್ದ ‘ರೀ’ ವೇದಿಕೆಯ ಮೇಲೆ ಉದುರಿ ಬಿದ್ದದ್ದನ್ನು ನಾನೂ ಕೇಳಿದೆ. ಹಿಂದೆ ನನ್ನ ಹಾಡು ಮಾತ್ರ ಬೀಪ್ ಬೀಪ್ ಎಂದು ನಾಚಿಕೆಯಿಲ್ಲದೆ ಓಡುತ್ತಲೇ ಇತ್ತು.

ಒಳಕೋಣೆಯಲ್ಲಿ ಸವಿತಾ ಬೆನ್ನಿಗೆ ಟವೆಲು ಹೊದ್ದು ಕೂತಿದ್ದಳು. ಬ್ಲೌಸಿನ ಎರಡು ತುದಿಗಳ ನಡುವೆ ನಾಲ್ಕು ಬೆರಳಿನ ಅಂತರ. ಸ್ಪೀಕರಿನಲ್ಲಿ ಬಂದದ್ದು ಅವಳಿಗೂ ಕೇಳಿಸಿತ್ತು. ಅತ್ತು ಕಾಡಿಗೆ ಗಲ್ಲಕ್ಕೆ ಇಳಿದಿತ್ತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಅಕ್ಕಾರ, ನೀವು ಅವತ್ತ ಹಾಡಕೋಂತ ಅಳತಿ ಬರಕೊಂಡ್ರಿ,” ಎಂದಳು. “ಟೇಪ್ ನೋಡಿ ನಾ ಹೇಳಿದ್ದು ಮೂವತ್ತಾರು. ನೀವು ಬರದಿದ್ದು ಮೂವತ್ತೆರಡು. ಹೆಂಗ ಹೇಳಬೇಕಂತ ಸುಮ್ಮನಾದೆ.”

ಆಗ ನನಗೆ ಹೊಳೆಯಿತು. ಹಾಡಿನ ಎರಡನೆಯ ಚರಣ ‘ನನ್ನ ಪೇಜರ್ ನಂಬರ್ ಮೂವತ್ತೆರಡು’ ಎಂದೇ ಶುರುವಾಗುತ್ತದೆ. ಸತ್ತುಹೋದ ಯಂತ್ರದ ಸುಳ್ಳು ನಂಬರನ್ನು ಬದುಕಿರುವ ಹುಡುಗಿಯ ಎದೆಯ ಅಳತೆಯಾಗಿ ಬರೆದಿದ್ದೆ. ಅವಳು ತಪ್ಪು ಕಂಡೂ ಬಾಯಿ ಬಿಟ್ಟಿರಲಿಲ್ಲ, ಏಕೆಂದರೆ ದೊಡ್ಡ ಗಾಯಕಿ ಹಾಡುತ್ತಿದ್ದಳಲ್ಲ! ನನ್ನ ಹಾಡುಗಾರಿಕೆಯ ಬಗ್ಗೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಮುಹೂರ್ತಕ್ಕೆ ಇಪ್ಪತ್ತೇ ನಿಮಿಷ ಉಳಿದಿದೆ ಎಂದು ಅಯ್ಯನವರು ಬಾಗಿಲಾಚೆಯಿಂದ ಹೇಳಿಕಳಿಸಿದರು. ಸಾಮಾನು ತಂದಿಲ್ಲವೇ ಎಂದು ಗಂಗವ್ವ ಕೇಳಿದರು. ನಾನು ಮೈಕು ತೋರಿಸಿದೆ. ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಕ್ಷೌರದ ಪೆಟ್ಟಿಗೆಯಿಂದ ಯಾರೋ ಬ್ಲೇಡು ತಂದುಕೊಟ್ಟರು. ಹೂಮಾಲೆ ಪೋಣಿಸುತ್ತಿದ್ದವರಿಂದ ಸೂಜಿ ಮತ್ತು ದಾರ ಸಿಕ್ಕಿತು. ಬದಿಯ ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದರೂ ಎರಡು ಬೆರಳು ಕಡಿಮೆ ಬಿತ್ತು. ಹಸಿರು ರೇಷ್ಮೆಯ ಚೂರು ಎಲ್ಲಿಂದ ತರುವುದು? ನಾನು ಬ್ಲೇಡು ತೆಗೆದು ನನ್ನ ಗೌನಿನ ಎರಡೂ ಬದಿಯ ಪಟ್ಟಿಗಳನ್ನು ಕೊಯ್ದೆ. ಹದಿನೈದು ನಿಮಿಷದಲ್ಲಿ ಅವುಗಳನ್ನು ಅವಳ ಬ್ಲೌಸಿಗೆ ಕೂಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಹೊಲಿಗೆಯನ್ನು ಅಷ್ಟು ಶ್ರದ್ಧೆಯಿಂದ ಎಂದೂ ಹಾಕಿರಲಿಲ್ಲ. ಹುಕ್ಕು ಹತ್ತಿತು. ಬೆಳ್ಳಿ ಮಿನುಗು ಸೆರಗಿನೊಳಗೆ ಅಡಗಿತು.

“ಏನ ಆದ್ರೂ ಕೈ ಮ್ಯಾಲ ಎತ್ತಬ್ಯಾಡವಾ,” ಎಂದೆ.

ಅವಳು ಎತ್ತಲಿಲ್ಲ. ಮಾಲೆ ಹಾಕಿಸಿಕೊಳ್ಳಲು ಮದುಮಗನೇ ಸೊಂಟದ ತನಕ ಬಗ್ಗಬೇಕಾಯಿತು. ಹುಡುಗಿ ಎಷ್ಟು ಸಂಕೋಚದವಳು ಎಂದು ಬೀಗರು ಮೆಚ್ಚಿಕೊಂಡರಂತೆ. ಅಕ್ಕಿಕಾಳು ಬಿದ್ದವು. ಗಂಗವ್ವ ಒಮ್ಮೆ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡರು. ಅದು ಕೃತಜ್ಞತೆ ಇರಬಹುದು. ಇಲ್ಲದಿರಲೂಬಹುದು.

ಎರಡೂ ಬದಿ ತೆರೆದ ಗೌನಿನ ಮೇಲೆ ನಾನು ಜಮಖಾನೆ ಸುತ್ತಿಕೊಂಡು ಊಟದ ಕೊನೆಯ ಪಂಕ್ತಿಯಲ್ಲಿ ಕೂತೆ. ಬಡಿಸುವವನು ಚಳಿಜ್ವರವೇನು ಎಂದು ಕೇಳಿ, ಮೊಸರು ಬೇಡವೆಂದು ತಾನೇ ನಿರ್ಧರಿಸಿ ಮುಂದೆ ಹೋದ. ಪಕ್ಕದಲ್ಲಿ ಚನ್ನಪ್ಪ ಎರಡನೆಯ ಹೋಳಿಗೆ ಮುರಿಯುತ್ತಿದ್ದರು. ನಾನು ಹೇಗೆ ಹಾಡಿದೆ ಎಂದು, ಅಂಥ ಹೊತ್ತಿನಲ್ಲೂ, ಅವರನ್ನು ಕೇಳಿದೆ.

“ಶ್ರುತಿ ಇತ್ತು,” ಎಂದರು. “ಬುದ್ಧಿ ಇರಲಿಲ್ಲ.”

ಮರುದಿನ ಬಾಗಿಲು ತೆರೆಯುವ ಮೊದಲೇ ಅಂಗಡಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ವೇದಿಕೆಯ ಮೇಲಿನ ನನ್ನ ಕುಣಿತ ಎಲ್ಲರ ಮೊಬೈಲಿಗೂ ತಲುಪಿದ ಸುದ್ದಿ ನನಗೆ ಬಂದಿತ್ತು. ಇಪ್ಪತ್ತೈದು ವರ್ಷಗಳ ಮೇಲೆ ಮತ್ತೆ ಜನ ಸೇರಿದ್ದಾರೆ ಎಂದುಕೊಂಡು, ಹಾಳು ಮನಸ್ಸು ತಡೆಯದೆ, ತಲೆಗೂದಲು ಸರಿಮಾಡಿಕೊಂಡೇ ಹೊರಗೆ ಬಂದೆ. ಎಲ್ಲರ ಕಂಕುಳಲ್ಲೂ ಒಂದೊಂದು ಚೀಲವಿತ್ತು. ಹೊಲಿಯಲು ಕೊಟ್ಟಿದ್ದವರು ಅಳತೆ ಪುಸ್ತಕ ತೋರಿಸೆಂದರು. ಹೊಲಿಸಿ ಒಯ್ದಿದ್ದವರು ತಮ್ಮೆದುರಿಗೇ ಮತ್ತೊಮ್ಮೆ ಟೇಪು ಹಿಡಿಯಬೇಕೆಂದರು. ಮುಂದೆ ನಿಂತಿದ್ದ ಮುದುಕಿ, ಅಳತೆ ಮುಗಿಯುವ ತನಕ ನಾನು ಬಾಯಿ ತೆರೆಯುವುದಿಲ್ಲ ಎಂದು ದೇವರ ಮೇಲೆ ಆಣೆ ಮಾಡಿಸಿಕೊಂಡಳು.

ಈಗ ನಾನು ತುಟಿಗಳ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡೇ ಅಳತೆ ತೆಗೆಯುತ್ತೇನೆ. ಗಿರಾಕಿಗಳು ಒಳಗೆ ಬಂದ ಕೂಡಲೇ ಮೊದಲು ಸೂಜಿಗಳನ್ನು ಎಣಿಸುತ್ತಾರೆ.