ನೈಟ್ ಶಿಫ್ಟಿನ ಖಾಲಿ ಹೊಟ್ಟೆ

ಊರೆಲ್ಲ ಏಳುವ ಹೊತ್ತಿಗೆ ಮಲಗುವವಳ ಬದುಕಿನಲ್ಲಿ ನಗುವ ಸಂಗತಿಗಳಿಗೆ ಬರವಿಲ್ಲ. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ನನ್ನದು ನೈಟ್ ಶಿಫ್ಟು. ಕಸ ಗುಡಿಸಲು ಸೇರಿದವಳು ಈಗ ಹನ್ನೆರಡು ಹುಡುಗಿಯರ ಲೈನ್ ಲೀಡರ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ; ಆಮೇಲೆ ಬೋಂಡಾ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದಿ ಕಲಿತೆ. ಹಾಗಾಗಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಸ್ವಲ್ಪ ಕೋಪ ಬರುತ್ತದೆ.

ಮೊದಲ ಸೂಜಿ

ಬಾಯಾರಿಕೆ ಜಾಸ್ತಿಯಾಯಿತೆಂದು ಒಂದು ಬೆಳಿಗ್ಗೆ ಕೆಲಸ ಮುಗಿಸಿ ನೇರ ಕೋಲಾರದ ಲ್ಯಾಬಿಗೆ ಹೋದೆ. ರಕ್ತ ತೆಗೆಯುವ ಹುಡುಗಿ ಕೇಳಿದಳು:

"ಖಾಲಿ ಹೊಟ್ಟೇಲಿ ಬಂದಿದ್ದೀರಾ?"

"ಹೂಂ, ಇನ್ನೂ ತಿಂಡಿ ತಿಂದಿಲ್ಲ."

"ರಾತ್ರಿ ಊಟ ಎಷ್ಟೊತ್ತಿಗೆ ಮಾಡಿದ್ರಿ?"

"ಯಾವ ಊಟ? ಮನೇಲಿ ಮಾಡಿದ್ದಾ, ಒಂದು ಗಂಟೆಗೆ ಕ್ಯಾಂಟೀನಲ್ಲಿ ಮಾಡಿದ್ದಾ, ನಾಲ್ಕು ಗಂಟೆಗೆ ನಿದ್ದೆ ತಡೆಯೋಕೆ ಟೀ ಜೊತೆ ಬನ್ನು ತಿಂದಿದ್ದಾ?"

ಅವಳು ಸೂಜಿ ಕೆಳಗಿಟ್ಟಳು. "ಅಕ್ಕಾ, ಇದು ಖಾಲಿ ಹೊಟ್ಟೆ ಅಲ್ಲ, ಮದುವೆ ಮನೆ."

ವಾಕಿಂಗು

ರಜೆಯ ದಿನ ಮತ್ತೆ ಹೋಗಿ ರಕ್ತ ಕೊಟ್ಟೆ. ರಿಪೋರ್ಟು ನೋಡಿ ಡಾಕ್ಟರು, "ಬಾರ್ಡರಲ್ಲಿದೆ. ರಾತ್ರಿಯೆಲ್ಲ ಎಚ್ಚರ ಇದ್ದು ಹೊತ್ತಲ್ಲದ ಹೊತ್ತಲ್ಲಿ ತಿಂದ್ರೆ ಶುಗರ್ ಬರೋ ಅಪಾಯ ಜಾಸ್ತಿ ಕಣಮ್ಮಾ. ಮೂರು ತಿಂಗಳು ನೋಡೋಣ. ಇಳೀದಿದ್ರೆ ಡೇ ಶಿಫ್ಟಿಗೆ ಹಾಕಿ ಅಂತ ಚೀಟಿ ಬರೀತೀನಿ" ಅಂದರು.

ಡೇ ಶಿಫ್ಟು! ಅಲ್ಲಿ ಲೀಡರ್ ಆಗಿರುವವಳು ನಾನೇ ಸ್ಕ್ರೂ ತಿರುಗಿಸಲು ಕಲಿಸಿದ ಹುಡುಗಿ. ಅವಳ ಮುಂದೆ ಹೋಗಿ ಕೈಕಟ್ಟಿ ನಿಲ್ಲುವುದೇ?

"ಇಳಿಸ್ತೀನಿ, ನೋಡ್ತಾ ಇರಿ" ಅಂದೆ.

"ಹಾಗಾದ್ರೆ ಎದ್ದ ಕೂಡಲೇ ಒಂದು ಗಂಟೆ ನಡೀರಿ."

ನಾನು ಏಳುವುದು ಮಧ್ಯಾಹ್ನ ಮೂರಕ್ಕೆ. ಸುಡುಬಿಸಿಲಲ್ಲಿ ವಕ್ಕಲೇರಿ ರಸ್ತೆ ಹಿಡಿದೆ. ನೂರು ಹೆಜ್ಜೆ ಹಾಕಿರಲಿಲ್ಲ, ಭಾವನ ಸ್ಕೂಟರು ಪಕ್ಕಕ್ಕೆ ಬಂದು ನಿಂತಿತು.

"ಏನಮ್ಮಾ ಈ ಬಿಸಿಲಲ್ಲಿ? ಕೂತ್ಕೊ."

"ಬೇಡ ಭಾವ, ಸುಮ್ನೆ ನಡೀತಿದ್ದೀನಿ."

"ಸುಮ್ನೆ ಯಾರು ನಡೀತಾರೆ? ಮನೇಲಿ ಜಗಳಾನಾ?"

ಜಗಳವಿಲ್ಲ ಎಂದು ತೋರಿಸಲು ಹತ್ತಿ ಕೂತೆ. ಮರುದಿನ ಡೈರಿಯ ಹಾಲಿನ ಗಾಡಿ ನಿಂತಿತು, ಅದರ ಮರುದಿನ ಟ್ರ್ಯಾಕ್ಟರು. ವಾಕಿಂಗ್ ಶುರುಮಾಡಿದ ಮೇಲೆ ನನ್ನ ಕಾಲಿಗೆ ಸಿಕ್ಕಷ್ಟು ವಿಶ್ರಾಂತಿ ಹಿಂದೆಂದೂ ಸಿಕ್ಕಿರಲಿಲ್ಲ.

ಲೈನಿನ ಕಾವಲು

ನಡೆಯುವುದು ಕೈಕೊಟ್ಟಿತು, ಇನ್ನು ಸಿಹಿ ಬಿಡುವುದೇ ದಾರಿ. ಆದರೆ ಟೀ ಹೊತ್ತಿಗೆ ನನ್ನ ಹುಡುಗಿಯರು ಕ್ರೀಮ್ ಬಿಸ್ಕತ್ತು, ಮೈಸೂರುಪಾಕು ಬಿಚ್ಚುತ್ತಿದ್ದರು.

"ಲೇ, ನೈಟ್ ಶಿಫ್ಟಿನವರಿಗೆಲ್ಲ ಶುಗರ್ ಬರೋ ಭಯ ಇದೆ. ಇವತ್ತಿಂದ ನನ್ನ ಲೈನಲ್ಲಿ ಸಿಹಿ ಬಂದ್!" ಎಂದು ಎಲ್ಲವನ್ನೂ ಕಿತ್ತುಕೊಂಡೆ.

ನಂಗಲಿಯ ಹುಡುಗಿ ತೆಲುಗು ಬೆರೆಸಿ ಸಿಡುಕಿದಳು. "ಏಮಕ್ಕಾ ಇದಿ! ನಿಮ್ಮ ಶುಗರಿಗೆ ನಮಗ್ಯಾಕೆ ಪಥ್ಯ?"

ಅವಳ ಕೈಯಲ್ಲಿದ್ದ ಲಡ್ಡನ್ನೂ ಬಿಡಲಿಲ್ಲ. ಆಮೇಲೂ ದಿನಾ ಯಾರಾದರೊಬ್ಬಳು ಕದ್ದು ತರುತ್ತಿದ್ದಳು, ನಾನು ಹಿಡಿಯುತ್ತಿದ್ದೆ. ಉಳಿದವರ ಡಬ್ಬಿಗೆ ಸೌತೆಕಾಯಿ, ಕಡಲೆಕಾಯಿ ಬಂದವು.

ಮೂರು ತಿಂಗಳಾಯಿತು. ನನ್ನ ಸಾಧನೆಯನ್ನು ಡಾಕ್ಟರು ಕಣ್ಣಾರೆ ನೋಡಲಿ ಎಂದು ರಜೆಯ ದಿನ ಹನ್ನೆರಡು ಜನರನ್ನೂ ಕರೆದುಕೊಂಡು ಹೋಗಿ ರಕ್ತ ಕೊಡಿಸಿ, ನಾನೂ ಕೊಟ್ಟೆ. ಸಿಹಿ ಕಿತ್ತುಕೊಂಡ ಕಥೆಯನ್ನೂ ವಿವರವಾಗಿ ಹೇಳಿದೆ.

ಡಾಕ್ಟರು ಹನ್ನೆರಡು ರಿಪೋರ್ಟು ನೋಡಿ, "ಭೇಷ್, ಎಲ್ಲರದ್ದೂ ಚೆನ್ನಾಗಿದೆ" ಅಂದರು. ನಾನು ಸೆರಗು ಸರಿಮಾಡಿಕೊಂಡೆ. ಹದಿಮೂರನೆಯದನ್ನು ಮಾತ್ರ ಎರಡು ಸಲ ಓದಿದರು.

"ನಿಮ್ಮದು ಏರಿದೆಯಲ್ಲಮ್ಮಾ! ಇವರಿಂದ ಕಿತ್ಕೊಂಡಿದ್ದನ್ನೆಲ್ಲ ಏನ್ ಮಾಡಿದ್ರಿ?"

ಹನ್ನೆರಡು ಜೊತೆ ಕಣ್ಣು ನನ್ನ ಮೇಲೆ.

"ತಿನ್ನೋ ಪದಾರ್ಥ ಹೆಂಗೆ ಬಿಸಾಡೋದು ಡಾಕ್ಟ್ರೇ? ಪಾಪ ಬರುತ್ತೆ" ಅಂದೆ.

ಅವರು ಡೇ ಶಿಫ್ಟಿನ ಚೀಟಿ ಬರೆಯುತ್ತಲೇ ಅಂದರು: "ಹನ್ನೆರಡು ಜನರನ್ನ ಶುಗರಿಂದ ಕಾಪಾಡಿದ್ದೀರಿ ಬಿಡಿ. ಅವರ ಪಾಲಿನದನ್ನೂ ನೀವೊಬ್ಬರೇ ತಗೊಂಡು!"