ಚರ್ಚಿನ ವ್ಯಾನಿಗೆ ಗುದ್ದಿದವನ ಲೈಸೆನ್ಸ್ ಪ್ರಕರಣ

ನಿಂತಿರುವ ವಾಹನಕ್ಕೆ ಗುದ್ದಿದ ಮಾತ್ರಕ್ಕೆ ನಮ್ಮಲ್ಲಿ ಯಾರ ಲೈಸೆನ್ಸೂ ಹೋಗುವುದಿಲ್ಲ. ಗುದ್ದಿದ ಮೇಲೆ ಕೋರ್ಟು ವಿಧಿಸಿದ ಪರಿಹಾರವನ್ನು ಕೊಡದೆ ಕುಳಿತರೆ ಮಾತ್ರ ಅಮಾನತು. ನನ್ನ ಲೈಸೆನ್ಸ್ ಈ ಕ್ರಮಬದ್ಧವಾದ ಮಾರ್ಗದಲ್ಲಿಯೇ ಅಮಾನತಾಗಿದೆ ಎಂಬುದನ್ನು ಸಮಸ್ತರ ಗಮನಕ್ಕೆ ತರಬಯಸುತ್ತೇನೆ.

ನಾನು ಲೋವೆಲ್ ಪ್ರಿಟ್ಚೆಟ್. ಟೆನೆಸಿಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಓಡಿಸಲು ಕಲಿಸುವ ಮೇಷ್ಟ್ರು. ಗಾಡಿ ಹಿಂದಕ್ಕೆ ತೆಗೆಯುವಾಗ ಕನ್ನಡಿಯೊಂದನ್ನೇ ನಂಬಬಾರದು, ಕತ್ತು ತಿರುಗಿಸಿ ನೋಡಬೇಕು ಎಂಬುದು ನನ್ನ ಪಾಠಗಳಲ್ಲೆಲ್ಲ ಹೆಸರುವಾಸಿಯಾದದ್ದು. ಒಂದು ಶನಿವಾರ ಸ್ವಂತ ಪಿಕಪ್ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾ, ಕನ್ನಡಿಯನ್ನೂ ನೋಡದೆ ಕತ್ತನ್ನೂ ತಿರುಗಿಸದೆ, ಊರಿನ ಬ್ಯಾಪ್ಟಿಸ್ಟ್ ಚರ್ಚಿನ ವ್ಯಾನನ್ನು ಅದು ನೆಮ್ಮದಿಯಾಗಿ ನಿಂತಿದ್ದ ಜಾಗದಿಂದ ಪಕ್ಕದ ಹಳ್ಳಕ್ಕೆ ಇಳಿಸಿದೆ. ವ್ಯಾನಿನಲ್ಲಿ ಯಾರೂ ಇರಲಿಲ್ಲ. ನನಗೆ ವಿಮೆಯೂ ಇರಲಿಲ್ಲ. ವಿಮೆಗೆಂದು ಹೆಂಡತಿ ಓಪಲ್ ಎತ್ತಿಟ್ಟಿದ್ದ ಹಣದಲ್ಲಿ ನಾನು ಮೀನು ಹಿಡಿಯುವ ದೋಣಿ ಕೊಂಡಿದ್ದೆ.

ಪರಿಹಾರವನ್ನು ಕಂತಿನಲ್ಲಿ ಕಟ್ಟುತ್ತೇನೆಂದು ನ್ಯಾಯಾಧೀಶರೆದುರು ಬಲಗೈ ಎತ್ತಿ ಹೇಳಿದೆ. ಮೊದಲ ಕಂತಿನ ಹೊತ್ತಿಗೆ ದೋಣಿಗೆ ಮೋಟಾರು ಬೇಕಾಯಿತು. ಸರ್ಕಾರ ಲೈಸೆನ್ಸನ್ನು ಅಮಾನತು ಮಾಡಿತು. ದೋಣಿಯನ್ನು ಕೆರೆಯ ತನಕ ಎಳೆದೊಯ್ಯಲು ಗಾಡಿ ಓಡಿಸಬೇಕಲ್ಲವೇ ಎಂಬ ಸಂಗತಿ ನನಗೆ ಹೊಳೆದದ್ದು ಆಮೇಲೆ.

ಶಾಲೆಯವರು ದೊಡ್ಡ ಮನಸ್ಸಿನವರು. ಆಗಸ್ಟಿನಲ್ಲಿ ಶಾಲೆ ತೆರೆಯುವುದರೊಳಗೆ ಲೈಸೆನ್ಸ್ ತಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದರು. ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಇದೂ ಬರುವುದಿಲ್ಲವೆಂದು ಊರಿನವರ ಅಭಿಪ್ರಾಯ.

ಲೈಸೆನ್ಸ್ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ನಿಯಮವನ್ನು ವಿವರಿಸಿದಳು.

"ಪೂರ್ತಿ ಹಣ ಕಟ್ಟಿಬಿಡಿ. ಇಲ್ಲಾಂದ್ರೆ ನೀವು ಯಾರಿಗೆ ಕೊಡ್ಬೇಕೋ ಅವರ ಹತ್ರಾನೇ, ಈ ಮನುಷ್ಯ ಗಾಡಿ ಓಡಿಸ್ಲಿ, ನಮ್ಮದೇನೂ ಅಡ್ಡಿಯಿಲ್ಲ ಅಂತ ಸಮ್ಮತಿ ಪತ್ರ ಬರೆಸ್ಕೊಂಡು ಬನ್ನಿ. ಅಂದ್ಹಾಗೆ, ಇಲ್ಲಿಗೆ ಹೇಗೆ ಬಂದ್ರಿ?"

"ಹೆಂಡ್ತಿ ಬಿಟ್ಟು ಹೋದ್ಲು."

"ಅಯ್ಯೋ, ಪೂರ್ತಿನಾ?"

"ಸದ್ಯಕ್ಕೆ ಬಾಗಿಲ ತನಕ."

ಚರ್ಚಿಗೆ ಹೋದೆ. ಪಾಸ್ಟರ್ ಹಾಲಿಸ್ ನನ್ನನ್ನು ಬಾಚಿ ತಬ್ಬಿಕೊಂಡರು. "ಬ್ರದರ್ ಲೋವೆಲ್, ನಿಮ್ಮನ್ನ ನಾವು ಆವತ್ತೇ ಕ್ಷಮಿಸಿಬಿಟ್ವಿ!"

"ಹಾಗಾದ್ರೆ ಇಲ್ಲೊಂದು ಸಹಿ ಹಾಕಿಬಿಡಿ."

"ಕ್ಷಮೆ ದೇವರ ಖಾತೆ ಬ್ರದರ್. ಸಹಿ ಸಾರಿಗೆ ಸಮಿತಿ ಖಾತೆ."

ಸಾರಿಗೆ ಸಮಿತಿಯು ವ್ಯಾನನ್ನು ನೋಡಿಕೊಳ್ಳಲೆಂದು ರಚನೆಯಾದದ್ದು. ವ್ಯಾನು ಇದ್ದಾಗ ಅದು ವರ್ಷಕ್ಕೊಮ್ಮೆ ಸೇರುತ್ತಿತ್ತು. ವ್ಯಾನು ಹಳ್ಳಕ್ಕಿಳಿದ ಮೇಲೆ ಕೆಲಸ ಹೆಚ್ಚಾಗಿ ವಾರಕ್ಕೊಮ್ಮೆ ಸೇರತೊಡಗಿತ್ತು. ಸಭೆಯ ಕೊನೆಗೆ ಕರಿದ ಕೋಳಿ, ಬಾಳೆಹಣ್ಣಿನ ಪುಡಿಂಗ್ ಇರುತ್ತಿದ್ದುದರಿಂದ ಸಮಿತಿಯನ್ನು ವಿಸರ್ಜಿಸುವ ಪ್ರಶ್ನೆ ಬಂದಿರಲಿಲ್ಲ. ಸಮ್ಮತಿ ಪತ್ರವನ್ನು ಹೊರಗಿನವರಿಗೆ ಕೊಡುವಂತಿಲ್ಲ, ತಪ್ಪದೆ ಆರಾಧನೆಗೆ ಬರುವ ಸದಸ್ಯರಿಗೆ ಮಾತ್ರ ಎಂಬ ನಿಯಮವನ್ನು ನಾನು ಕಾಯುತ್ತಾ ಕುಳಿತಿದ್ದಾಗಲೇ ಮಾಡಿ, ನನಗೆ ಓದಿ ಹೇಳಿದರು.

ಸದಸ್ಯನಾದೆ. ಓಪಲ್‌ಗೆ ಭಾನುವಾರವೂ ಹೋಟೆಲಿನಲ್ಲಿ ಕೆಲಸ. ಹಾಗಾಗಿ ನನ್ನನ್ನು ಕರೆದೊಯ್ಯುವ ಹೊಣೆ ಸಮಿತಿಯ ಹಿರಿಯ ಸದಸ್ಯೆ ಸಿಸ್ಟರ್ ವರ್ನಿಸ್ ಮೇಲೆ ಬಿತ್ತು. ಆಕೆಗೆ ಎಂಬತ್ತು ದಾಟಿತ್ತು. ಕಾರಿನ ಸ್ಟೀರಿಂಗ್ ಮೇಲಿಂದ ಆಕೆಯ ಟೋಪಿಯೊಂದೇ ರಸ್ತೆಯನ್ನು ನೋಡುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆ.

"ಸಿಗ್ನಲ್ ಕೆಂಪಿತ್ತು, ಸಿಸ್ಟರ್!"

"ಸುಮ್ನೆ ಕೂತ್ಕೋ ಕಂದಾ. ಲೈಸೆನ್ಸ್ ಯಾರ ಹತ್ರ ಇದೆ?"

ನಾನು ಮತ್ತೆ ಇಲ್ಲದ ಬ್ರೇಕನ್ನು ತುಳಿದೆ.

ಜುಲೈ ಹೊತ್ತಿಗೆ ಸಮಿತಿಯ ಅಧ್ಯಕ್ಷರು ಮಗಳ ಊರಿಗೆ ಹೋಗಿ ನೆಲೆಸಿದರು. ಹೊಸ ಅಧ್ಯಕ್ಷರು ಬೇಕಾಯಿತು. ಒಬ್ಬರಿಗೆ ಕೆರೆ, ಒಬ್ಬರಿಗೆ ಬೆಟ್ಟ, ಒಬ್ಬರಿಗೆ ಮೊಮ್ಮಕ್ಕಳ ಮನೆ, ಎಲ್ಲರಿಗೂ ಎಲ್ಲಿಗಾದರೂ ಹೋಗುವುದಿತ್ತು. ಎಲ್ಲಿಗೂ ಹೋಗಲಾಗದವನು ಇಡೀ ಸಭೆಯಲ್ಲಿ ನಾನೊಬ್ಬನೇ. ಅವಿರೋಧವಾಗಿ ಆಯ್ಕೆಯಾದೆ.

ಓಪಲ್‌ಗೆ ಹೇಳಿದಾಗ ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಿ ದೇವರಿಗೆ ಕೈಮುಗಿದಳು. "ಸದ್ಯ! ಹೋಗಿ ನಿನ್ನ ಪತ್ರಕ್ಕೆ ನೀನೇ ಸಹಿ ಹಾಕ್ಕೊಂಡು ಬಾ. ಇದ್ರಲ್ಲಾದ್ರೂ ಎಡವಟ್ಟು ಮಾಡ್ಬೇಡ."

ನನ್ನ ಸಮ್ಮತಿ ಪತ್ರದ ಅರ್ಜಿ ಸಭೆಯ ಮುಂದೆ ಬಂತು. ಚರ್ಚೆ ನಡೆಯುವಾಗ ಅರ್ಜಿದಾರನು ಹೊರಗಿರಬೇಕು ಎಂದು ನಿಯಮ. ಅಧ್ಯಕ್ಷನಿಲ್ಲದೆ ಚರ್ಚೆ ನಡೆಯಕೂಡದು ಎಂದೂ ನಿಯಮ. ಎರಡನ್ನೂ ಪಾಲಿಸಿದೆ. ಹೊರಗಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಟೋಪಿ ಹಿಡಿದು ಕುಳಿತೆ. ಶಾಲೆ, ಮಕ್ಕಳು, ಓಪಲ್ ಮುಖ ಎಲ್ಲ ಕಣ್ಣೆದುರು ಬಂದವು. ಆಮೇಲೆ ಎದ್ದು ಒಳಗೆ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತೆ.

ಕುರ್ಚಿಯ ಗುಣವೋ ಏನೋ, ಕುಳಿತ ಕೂಡಲೇ ಅರ್ಜಿದಾರನ ಮೇಲೆ ನನಗೆ ವಿಪರೀತ ಸಿಟ್ಟು ಬಂತು.

"ಸಹಿ ಹಾಕಿಬಿಡು ಕಂದಾ, ಪಾಪದವನು," ಎಂದಳು ಸಿಸ್ಟರ್ ವರ್ನಿಸ್.

"ಪಾಪದವನಾ?" ಎಂದೆ. "ಜಡ್ಜ್ ಮುಂದೆ ಕೈ ಎತ್ತಿ ಹೇಳಿದ್ದನ್ನೇ ಉಳಿಸ್ಕೊಳ್ಳಲಿಲ್ಲ ಅವನು. ಕಂತಿನ ದುಡ್ಡಲ್ಲಿ ಮೋಟಾರು ತಂದ. ಲೈಸೆನ್ಸ್ ಕೈಗೆ ಬಂತು ಅಂದ್ರೆ ಮೊದಲ ದಿನವೇ ದೋಣಿ ಕಟ್ಕೊಂಡು ಕೆರೆಗೆ ಓಡ್ತಾನೆ. ಚರ್ಚಿಗೆ ಒಂದು ಕಾಸೂ ಹುಟ್ಟಲ್ಲ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?" ಎಂದರು ಪಾಸ್ಟರ್.

"ಚಿಕ್ಕಂದಿನಿಂದ ನೋಡ್ತಾ ಇದೀನಿ."

ಅರ್ಜಿ ತಿರಸ್ಕೃತವಾಯಿತು. ನಾನು ಹೊರಗೆ ಹೋಗಿ ಬೆಂಚಿನಲ್ಲಿ ಕುಳಿತು ತೀರ್ಪನ್ನು ಕೇಳಿ ತಿಳಿದುಕೊಂಡೆ. ನಿಜವಾಗಿಯೂ ಅಳು ಬಂತು. ಇಂಥ ನಿಷ್ಪಕ್ಷಪಾತವನ್ನು ಜನ್ಮದಲ್ಲಿ ಕಂಡಿಲ್ಲವೆಂದು ಪಾಸ್ಟರ್ ಹಾಲಿಸ್ ಕೂಡ ಕಣ್ಣೊರೆಸಿಕೊಂಡರು. ಅಧ್ಯಕ್ಷರ ಅವಧಿಯನ್ನು ಅಲ್ಲಿಯೇ ವಿಸ್ತರಿಸಲಾಯಿತು. ಪುಡಿಂಗ್ ಚೆನ್ನಾಗಿತ್ತು.

"ಬೇಡ ಅಂದವನು ಯಾರು?" ಎಂದು ಓಪಲ್ ಕೇಳಿದಳು.

"ಅಧ್ಯಕ್ಷರು."

"ನಿನ್ನ ವಿಷಯದಲ್ಲಿ ಮೊದಲ್ನೇ ಸಲ ಒಬ್ಬ ಗಂಡಸು ಸರಿಯಾಗಿ ಮಾತಾಡಿದಾನೆ," ಎಂದು ಒಳಗೆ ಹೋದಳು.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ನನ್ನ ಜಾಗಕ್ಕೆ, ಚಾಲ್ತಿಯಲ್ಲಿರುವ ಲೈಸೆನ್ಸ್ ಉಳ್ಳವರೆಂಬ ಕಾರಣಕ್ಕೆ, ಸಿಸ್ಟರ್ ವರ್ನಿಸ್ ಅವರನ್ನು ನೇಮಿಸಿಕೊಂಡರು.

ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿದೆಯೇ ಎಂದು ನಾನು ಪಾಸ್ಟರ್‌ಗೆ ಫೋನು ಮಾಡಿದೆ.

"ಇಲ್ಲದೆ ಏನು ಬ್ರದರ್! ಅಧ್ಯಕ್ಷರನ್ನ ಖುದ್ದಾಗಿ ಕಾಣ್ಬೇಕು, ಅಷ್ಟೆ."

"ಯಾವಾಗ ಸಿಗ್ತಾರೆ?"

"ಅದು ಮಾತ್ರ ಹೇಳೋದು ಕಷ್ಟ. ಪಾಪ, ಅವರಿಗೆ ಲೈಸೆನ್ಸ್ ಇಲ್ಲ. ಸಿಸ್ಟರ್ ವರ್ನಿಸ್‌ಗೂ ಈಗ ಬಿಡುವಿಲ್ಲ. ಯಾರಾದ್ರೂ ಕರ್ಕೊಂಡು ಬಂದ ದಿನ ಬರ್ತಾರೆ."

ಅಧ್ಯಕ್ಷರ ಕಷ್ಟ ನನಗೂ ಅರ್ಥವಾಗುವಂಥದ್ದೇ. ಅವಸರವೇನಿಲ್ಲ, ಕಾಯುತ್ತೇನೆ ಎಂದೆ.